ಕೋಲಾರದ ಬೋರ್‌ವೆಲ್‌ನಲ್ಲಿ ಬೆಚ್ಚಗಿನ ನೀರು: ಇನ್ನೂ ಆಳ ಕೊರೆದರೆ ಕರೆಂಟ್ ಸಿಗುತ್ತಾ?

ಪ್ರಶ್ನೆ: ನಮ್ಮದು ಮುಳಬಾಗಿಲು ತಾಲೂಕು. ಹಿಪ್ಪುನೇರಳೆ ತೋಟ ಇದೆ, ಒಂದು ರೇಷ್ಮೆ ಹುಳು ಮನೆ ಇದೆ. ಹೋದ ವರ್ಷ ಕೊರೆಸಿದ ಬೋರ್‌ವೆಲ್ 1,350 ಅಡಿ ಹೋಯಿತು. ಡಿಸೆಂಬರ್ ಬೆಳಗ್ಗೆ ಮೋಟಾರ್ ಹಾಕಿದರೆ ನೀರು ಬೆಚ್ಚಗೆ ಬರುತ್ತದೆ, ಮೇಲೆ ಹಬೆಯಾಡುತ್ತದೆ. ನಮ್ಮಣ್ಣನ ಮಗಳು ಐಸ್‌ಲ್ಯಾಂಡ್‌ನಲ್ಲಿ ಓದುತ್ತಿದ್ದಾಳೆ. ಅಲ್ಲಿ ನೆಲದ ಬಿಸಿಯಿಂದಲೇ ಊರಿಗೆಲ್ಲ ಬಿಸಿನೀರು ಕೊಡುತ್ತಾರೆ, ಕರೆಂಟ್ ಕೂಡ ತೆಗೆಯುತ್ತಾರೆ ಅಂತ ಹೇಳಿದಳು. ನಾವೂ ಇನ್ನಷ್ಟು ಆಳ ಕೊರೆಸಿದರೆ ಕರೆಂಟ್ ಸಿಗುತ್ತದಾ? ಅದು ಆಗದಿದ್ದರೆ ಚಳಿಗಾಲದಲ್ಲಿ ಹುಳು ಮನೆ ಬೆಚ್ಚಗಿಡಲಾದರೂ ಈ ನೀರು ಉಪಯೋಗಕ್ಕೆ ಬರುತ್ತದಾ? ಸರ್ಕಾರ ಇದಕ್ಕೆ ಹೊಸ ನೀತಿ ಮಾಡಿದೆ ಅಂತಲೂ ಪೇಪರ್‌ನಲ್ಲಿ ನೋಡಿದೆ.

ಉತ್ತರ:

ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಕರೆಂಟ್ ಸಿಗುವುದಿಲ್ಲ. ಹುಳು ಮನೆಗೆ ಸ್ವಲ್ಪ ದಾರಿ ಇದೆ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಆದರೆ ನಡುವೆ ಐಸ್‌ಲ್ಯಾಂಡ್‌ಗೂ ಮುಳಬಾಗಿಲಿಗೂ ಇರುವ ವ್ಯತ್ಯಾಸ ಏನು ಅನ್ನುವುದನ್ನು ಹೇಳಲೇಬೇಕು. ಇಲ್ಲದಿದ್ದರೆ ನಾಳೆ ಯಾರೋ ಏಜೆಂಟ್ ಬಂದು "ಇನ್ನೊಂದು ಸಾವಿರ ಅಡಿ ಹೋಗೋಣ ಸಾರ್, ಹಬೆನೇ ಬರುತ್ತೆ" ಅಂದರೆ ನೀವು ರಿಗ್ ಕರೆಸಿಬಿಡುತ್ತೀರಿ.

ನಿಮ್ಮ ನೀರು ಯಾಕೆ ಬೆಚ್ಚಗಿದೆ? 1,350 ಅಡಿ ಅಂದರೆ ಸುಮಾರು 410 ಮೀಟರ್. ನೆಲದ ಕೆಳಗೆ ಹೋದಷ್ಟೂ ಬಿಸಿ ಏರುತ್ತದೆ. ಪ್ರಪಂಚದ ಸರಾಸರಿ ತೆಗೆದುಕೊಂಡರೆ ಒಂದು ಕಿಲೋಮೀಟರ್‌ಗೆ 25ರಿಂದ 30 ಡಿಗ್ರಿ ಸೆಲ್ಸಿಯಸ್. ನಿಮ್ಮ ಕಡೆ ಅಷ್ಟಿಲ್ಲ. ಇದನ್ನು ತಿಳಿಯಲು ದೂರ ಹೋಗಬೇಕಿಲ್ಲ, ಪಕ್ಕದಲ್ಲೇ ಕೆಜಿಎಫ್ ಇದೆ. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರ್‌ಗೂ ಆಳ ಹೋಗಿತ್ತು. ಅಷ್ಟು ಕೆಳಗೆ ಬಂಡೆಯ ಬಿಸಿ 65 ಡಿಗ್ರಿ ಆಸುಪಾಸು. ಗಣಿ ಕೆಲಸಗಾರರಿಗೆ ಅದು ನರಕ. ಮೇಲಿನಿಂದ ತಂಪು ಮಾಡಿದ ಗಾಳಿ ತಳ್ಳದೆ ಅಲ್ಲಿ ಕೆಲಸ ಮಾಡಲು ಆಗುತ್ತಿರಲಿಲ್ಲ. ಆದರೆ ಭೂಶಾಖದ ಲೆಕ್ಕದಲ್ಲಿ ಅದು ಏನೂ ಅಲ್ಲ. ಮೇಲ್ಮೈಯ ಸರಾಸರಿ 25 ಡಿಗ್ರಿ ಕಳೆದರೆ 3 ಕಿಲೋಮೀಟರ್‌ಗೆ ಏರಿದ್ದು ಬರೀ 40. ಅಂದರೆ ಕಿಲೋಮೀಟರ್‌ಗೆ 12–13 ಡಿಗ್ರಿ. ಪ್ರಪಂಚದ ಸರಾಸರಿಯ ಅರ್ಧ.

ಈ ಲೆಕ್ಕವನ್ನು ನಿಮ್ಮ ಬೋರ್‌ವೆಲ್‌ಗೆ ಹಾಕಿ. 410 ಮೀಟರ್‌ಗೆ 5 ಡಿಗ್ರಿ. 25ಕ್ಕೆ ಐದು ಸೇರಿಸಿದರೆ 30. ನೀರು ಪೂರ್ತಿ ತಳದಿಂದಲೇ ಬರುವುದಿಲ್ಲ, ನಡುವೆ ಎಲ್ಲೆಲ್ಲಿ ಬಿರುಕು ಸಿಕ್ಕಿದೆಯೋ ಅಲ್ಲಿಂದೆಲ್ಲ ಸೇರಿಕೊಂಡು ಬರುತ್ತದೆ, ಹಾಗಾಗಿ ಒಂದು ಡಿಗ್ರಿ ಕಡಿಮೆಯೇ ಇರಬಹುದು. ಇನ್ನೊಂದು ಕಡೆ ಕೆಳಗಿರುವ ಮೋಟಾರ್, ಪಂಪ್ ತಿನ್ನುವ ಕರೆಂಟ್‌ನಲ್ಲಿ ಅರ್ಧದಷ್ಟು ಬಿಸಿಯಾಗಿಯೇ ನೀರಿಗೆ ಸೇರುತ್ತದೆ, ಅದರಿಂದ ಅರ್ಧ ಮುಕ್ಕಾಲು ಡಿಗ್ರಿ ಏರುತ್ತದೆ. ಒಟ್ಟು 30ರ ಆಸುಪಾಸು. ಹೊರಗೆ 14 ಡಿಗ್ರಿ ಚಳಿ ಇರುವಾಗ ಆ ನೀರಿಗೆ ಕೈ ಹಾಕಿದರೆ ಬಿಸಿ ಅನ್ನಿಸಲೇಬೇಕು, ಹಬೆಯೂ ಕಾಣಲೇಬೇಕು. ಏಪ್ರಿಲ್ ಮಧ್ಯಾಹ್ನ ಅದೇ ನೀರು ತಣ್ಣಗಿದೆ ಅಂತೀರಿ. ನೀರು ಬದಲಾಗಿಲ್ಲ, ಬದಲಾಗಿದ್ದು ಗಾಳಿ.

ಕರೆಂಟ್ ತೆಗೆಯಬೇಕಾದರೆ ನಮ್ಮಂಥ ಬಿಸಿ ಊರಿನಲ್ಲಿ ಕೆಳಗಿನ ನೀರು ಸುಮಾರು 150 ಡಿಗ್ರಿಯಾದರೂ ಇದ್ದರೆ ಮಾತಾಡಬಹುದು. ಕಿಲೋಮೀಟರ್‌ಗೆ 12 ಡಿಗ್ರಿಯಂತೆ ಲೆಕ್ಕ ಹಾಕಿದರೆ ನೀವು ಹತ್ತು ಕಿಲೋಮೀಟರ್ ದಾಟಬೇಕು, ಅಡಿ ಲೆಕ್ಕದಲ್ಲಿ 34 ಸಾವಿರ. ರಷ್ಯಾದ ಕೋಲಾ ಅನ್ನುವಲ್ಲಿ ಸೋವಿಯತ್ ವಿಜ್ಞಾನಿಗಳು 1970ರಲ್ಲಿ ಶುರು ಮಾಡಿ ಸುಮಾರು ಇಪ್ಪತ್ತು ವರ್ಷ ಕೊರೆದು 12,262 ಮೀಟರ್ ಮುಟ್ಟಿದರು. ತಳದಲ್ಲಿ 180 ಡಿಗ್ರಿ ಸಿಕ್ಕಿತು, ಆ ಬಿಸಿಗೆ ಕೊರೆಯುವುದೇ ಕಷ್ಟವಾಗಿ ನಿಲ್ಲಿಸಿದರು. ಅದು ದೇಶವೊಂದು ದುಡ್ಡು ಲೆಕ್ಕಿಸದೆ ಮಾಡಿದ ಕೆಲಸ. ನಿಮ್ಮ ಊರಿನಲ್ಲಿ ಅದಕ್ಕೆ ಹತ್ತಿರ ಹತ್ತಿರ ಹೋಗಬೇಕಾಗುತ್ತದೆ, ಒಂದು ಸಾಧಾರಣ ಬಿಸಿಗೋಸ್ಕರ!

ನಮ್ಮ ನೆಲ ಯಾಕೆ ಹೀಗೆ ತಣ್ಣಗಿದೆ ಅಂದರೆ, ಅದು ತುಂಬಾ ಹಳೆಯದು. ಭೂಮಿಯ ಬಿಸಿಗೆ ಎರಡು ಮೂಲ. ಒಂದು, ಭೂಮಿ ಹುಟ್ಟಿದಾಗಿನ ಬಿಸಿಯಲ್ಲಿ ಇನ್ನೂ ಆರದೆ ಉಳಿದದ್ದು. ಇನ್ನೊಂದು, ಬಂಡೆಯೊಳಗಿನ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ನಿಧಾನವಾಗಿ ಕ್ಷಯಿಸುತ್ತಾ ಬಿಡುವ ಶಾಖ. ಕರ್ನಾಟಕದ ಬಹುಭಾಗ ಕುಳಿತಿರುವುದು ಧಾರವಾಡ ಕ್ರೇಟಾನ್ ಅನ್ನುವ ಬಂಡೆಯ ಮೇಲೆ. 250 ಕೋಟಿ ವರ್ಷಕ್ಕೂ ಹಳೆಯದು, ಕೆಲವು ಕಡೆ 300 ಕೋಟಿ ದಾಟುತ್ತದೆ. ಕೆಳಗಿನ ಗಟ್ಟಿ ಪದರ ದಪ್ಪ, ಒಳಗಿನ ಬಿಸಿ ಮೇಲೆ ಬರುವುದು ಕಡಿಮೆ. ಕೆಳಗೆ ಕರಗಿದ ಶಿಲಾಪಾಕ ಇಲ್ಲ, ಈಚಿನ ಜ್ವಾಲಾಮುಖಿ ಇಲ್ಲ. ಭೂಕಂಪ ಕಡಿಮೆ ಅಂತ ಖುಷಿಪಡುತ್ತೇವಲ್ಲ, ಅದರ ಇನ್ನೊಂದು ಮುಖ ಇದು.

ಈಗ ನಿಮ್ಮ ಅಣ್ಣನ ಮಗಳು ಇರುವ ಜಾಗ ನೋಡಿ. ಅಮೆರಿಕದ ಭೂಫಲಕ ಒಂದು ಕಡೆ, ಯುರೋಪಿನದು ಇನ್ನೊಂದು ಕಡೆ ವರ್ಷಕ್ಕೆ ಸುಮಾರು 2 ಸೆಂಟಿಮೀಟರ್‌ನಂತೆ ದೂರ ಸರಿಯುತ್ತಿವೆ. ಆ ಸೀಳಿನ ಮೇಲೆಯೇ ಐಸ್‌ಲ್ಯಾಂಡ್ ಕುಳಿತಿದೆ. ಶಿಲಾಪಾಕ ಮೇಲಕ್ಕೆ ಬರುತ್ತಲೇ ಇರುತ್ತದೆ. ಅಲ್ಲಿನ ಒಳ್ಳೆಯ ಜಾಗಗಳಲ್ಲಿ ಬರೀ ಒಂದು ಕಿಲೋಮೀಟರ್ ಆಳದಲ್ಲಿ 200 ಡಿಗ್ರಿ ದಾಟುತ್ತದೆ. 2009ರಲ್ಲಿ ಕ್ರಾಫ್ಲಾ ಅನ್ನುವಲ್ಲಿ ಆಳವಾದ ಬಾವಿ ಕೊರೆಯಲು ಹೋದವರ ಡ್ರಿಲ್ 2.1 ಕಿಲೋಮೀಟರ್‌ಗೇ ಕರಗಿದ ಶಿಲಾಪಾಕಕ್ಕೆ ತಗುಲಿತು. ಇನ್ನೂ ಒಳಗೆ ಹೋಗಬೇಕೆಂದಿದ್ದರು, ನಿಲ್ಲಿಸಬೇಕಾಯಿತು.

ಆದರೆ ಬಿಸಿ ಒಂದೇ ಇದ್ದರೆ ಸಾಲದು. ಜನ ಇದನ್ನೇ ಮರೆಯುವುದು. ಬಿಸಿ ಬಂಡೆಯಿಂದ ಬಿಸಿ ಹೊತ್ತು ತರುವವರು ಯಾರು? ನೀರು. ಆ ನೀರು ಓಡಾಡಲು ಬಂಡೆಯಲ್ಲಿ ಬಿರುಕು, ರಂಧ್ರ ಬೇಕು. ಐಸ್‌ಲ್ಯಾಂಡ್‌ನಲ್ಲಿ ಮೂರೂ ಇವೆ: ಮಳೆ, ಹಿಮ ಧಾರಾಳ, ಬಸಾಲ್ಟ್ ಕಲ್ಲಿನಲ್ಲಿ ಬಿರುಕು ಧಾರಾಳ, ಕೆಳಗೆ ಬೆಂಕಿ. ನಿಮ್ಮಲ್ಲಿ ಬಿರುಕಿಗೂ ನೀರಿಗೂ ಇರುವ ಗತಿ ನಾನು ಹೇಳಬೇಕಾ? 1,350 ಅಡಿ ಹೋಗಿದ್ದೇ ಆ ಕಥೆ ಅಲ್ವಾ. ಆಳ ಹೋದಷ್ಟೂ ಮೇಲಿನ ಭಾರಕ್ಕೆ ಬಿರುಕುಗಳು ಮುಚ್ಚಿಕೊಳ್ಳುತ್ತವೆ, ಗ್ರಾನೈಟ್‌ನಲ್ಲಿ ನೀರು ಸಿಗುವುದು ಇನ್ನೂ ಅಪರೂಪ.

ಐಸ್‌ಲ್ಯಾಂಡ್‌ನವರು ಶುರು ಮಾಡಿದ್ದು ಕರೆಂಟ್‌ನಿಂದ ಅಲ್ಲ, ಮನೆ ಬೆಚ್ಚಗೆ ಮಾಡುವುದರಿಂದ. 1930ರಲ್ಲಿ ರೇಕ್ಯಾವಿಕ್‌ನ ಲೌಗಾರ್ನೆಸ್ ಬಿಸಿನೀರಿನ ಬುಗ್ಗೆಗಳ ಹತ್ತಿರ ಕೊರೆದು ಒಂದು ಶಾಲೆಗೆ, ಆಸ್ಪತ್ರೆಗೆ, ಈಜುಕೊಳಕ್ಕೆ, ಒಂದಷ್ಟು ಮನೆಗಳಿಗೆ ಪೈಪ್ ಎಳೆದರು. ಅದಕ್ಕೆ ಮೊದಲು ಊರೆಲ್ಲ ಕಲ್ಲಿದ್ದಲು ಸುಡುತ್ತಿತ್ತು, ಆಕಾಶದಲ್ಲಿ ಹೊಗೆ. 1973ರಲ್ಲಿ ತೈಲದ ಬೆಲೆ ಏರಿದಾಗ ಸರ್ಕಾರ ಗಟ್ಟಿ ಮನಸ್ಸು ಮಾಡಿ ದೇಶಕ್ಕೆಲ್ಲ ಹರಡಿತು. ಇವತ್ತು ಹತ್ತರಲ್ಲಿ ಒಂಬತ್ತು ಮನೆ ಭೂಶಾಖದಿಂದ ಬೆಚ್ಚಗಿವೆ. ಕರೆಂಟ್ ವಿಷಯದಲ್ಲಿ ಮಾತ್ರ ಅಲ್ಲೂ ಮುಕ್ಕಾಲಿನಷ್ಟು ಜಲವಿದ್ಯುತ್ತೇ, ಭೂಶಾಖದ್ದು ಉಳಿದ ಕಾಲು ಭಾಗ ಅಥವಾ ಸ್ವಲ್ಪ ಜಾಸ್ತಿ. ನಮ್ಮಲ್ಲಿ "ಐಸ್‌ಲ್ಯಾಂಡ್ ಪೂರ್ತಿ ಭೂಶಾಖದ ಕರೆಂಟ್‌ನಲ್ಲಿ ನಡೆಯುತ್ತೆ" ಅಂತ ಸುಮ್ನೆ ಹೇಳಿಕೊಂಡು ಓಡಾಡುವವರಿದ್ದಾರೆ. ಇನ್ನೊಂದು, ಇಡೀ ದೇಶದ ಜನಸಂಖ್ಯೆ ನಾಲ್ಕು ಲಕ್ಷದ ಆಸುಪಾಸು. ನಮ್ಮ ದಾವಣಗೆರೆ ನಗರದ್ದೇ ಅದಕ್ಕಿಂತ ಜಾಸ್ತಿ.

ನನಗೆ ತುಂಬಾ ಇಷ್ಟವಾದದ್ದು ನೆಸ್ಯಾವೆಟ್ಲಿರ್ ಅನ್ನುವ ಘಟಕ. 1990ರಲ್ಲಿ ಶುರುವಾಯಿತು, ಮೊದಲು ಬರೀ ಬಿಸಿನೀರಿಗೆ, ಆಮೇಲೆ ಕರೆಂಟ್ ಸೇರಿಸಿದರು. ಬಾವಿಯಿಂದ ಬರುವ ನೀರನ್ನು ಅವರು ನೇರ ಊರಿಗೆ ಕಳಿಸುವುದಿಲ್ಲ, ಯಾಕಂದರೆ ಅದರಲ್ಲಿ ಸಿಲಿಕಾ, ಉಪ್ಪು ಎಲ್ಲ ಕರಗಿರುತ್ತದೆ, ಪೈಪ್ ಕಟ್ಟಿಕೊಳ್ಳುತ್ತದೆ. ಅದರ ಬಿಸಿಯಲ್ಲಿ ತಣ್ಣನೆಯ ಒಳ್ಳೆಯ ನೀರನ್ನು ಕಾಯಿಸಿ, ಅದರಲ್ಲಿರುವ ಆಮ್ಲಜನಕ ತೆಗೆದು, 80 ಡಿಗ್ರಿಗೂ ಮೇಲಿನ ಬಿಸಿಯಲ್ಲಿ 27 ಕಿಲೋಮೀಟರ್ ದೂರದ ರೇಕ್ಯಾವಿಕ್‌ಗೆ ಕಳಿಸುತ್ತಾರೆ. ದಾರಿಯಲ್ಲಿ ಕಳೆದುಕೊಳ್ಳುವುದು ಎರಡು ಡಿಗ್ರಿಯಷ್ಟು ಮಾತ್ರ. ಪೈಪ್ ದಪ್ಪ ಇದ್ದು, ಸುತ್ತ ಒಳ್ಳೆಯ ಹೊದಿಕೆ ಇದ್ದು, ಒಳಗೆ ಸಾಕಷ್ಟು ನೀರು ಓಡುತ್ತಿದ್ದರೆ ಬಿಸಿ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಮನೆಗಳನ್ನು ಸುತ್ತಿ ಬಂದ ನೀರು 35 ಡಿಗ್ರಿ ಇರುತ್ತದೆ, ಅದನ್ನೂ ಬಿಡದೆ ಫುಟ್‌ಪಾತ್ ಕೆಳಗೆ ಹರಿಸಿ ಹಿಮ ಕರಗಿಸುತ್ತಾರೆ. ನೋಡಿ, ಅವರು ಎಸೆಯುವ ಮೊದಲು ಕೊನೆಯದಾಗಿ ಬಳಸುವ ನೀರು ನಿಮ್ಮ ಬೋರ್‌ವೆಲ್ ನೀರಿಗಿಂತ ಬಿಸಿ.

ಕರೆಂಟ್ ಹೇಗೆ ಬರುತ್ತದೆ ಅನ್ನುವುದು ಗೊತ್ತಾದರೆ ಉಳಿದದ್ದು ಸುಲಭ. ಆಳದಲ್ಲಿ ಒತ್ತಡ ಜಾಸ್ತಿ, ಹಾಗಾಗಿ ನೀರು 250 ಡಿಗ್ರಿಯಲ್ಲೂ ಕುದಿಯದೆ ನೀರಾಗಿಯೇ ಇರುತ್ತದೆ. ಬಾವಿಯಲ್ಲಿ ಮೇಲೆ ಬರುತ್ತಾ ಒತ್ತಡ ಇಳಿಯುತ್ತದೆ, ಕುಕ್ಕರ್‌ನ ವಿಸಿಲ್ ಎತ್ತಿದಂತೆ ಒಂದಷ್ಟು ನೀರು ತಟ್ಟನೆ ಹಬೆಯಾಗುತ್ತದೆ. ಆ ಹಬೆ ಟರ್ಬೈನ್ ತಿರುಗಿಸುತ್ತದೆ, ಉಳಿದ ನೀರನ್ನು ಇನ್ನೊಂದು ಬಾವಿಯ ಮೂಲಕ ವಾಪಸ್ ಕೆಳಕ್ಕೆ ಬಿಡುತ್ತಾರೆ. ಇಟಲಿಯ ಲಾರ್ಡೆರೆಲ್ಲೊದಲ್ಲಿ ಪುಣ್ಯಕ್ಕೆ ಕೆಳಗಿನಿಂದ ನೀರಿಲ್ಲದ ಒಣ ಹಬೆಯೇ ಬರುತ್ತದೆ. 1904ರಲ್ಲಿ ಪಿಯೆರೊ ಜಿನೋರಿ ಕೊಂಟಿ ಅನ್ನುವವರು ಐದು ಬಲ್ಬ್ ಉರಿಸಿ ತೋರಿಸಿದ್ದು ಅಲ್ಲೇ. 1913ಕ್ಕೆ 250 ಕಿಲೋವಾಟ್ ಘಟಕ ನಡೆಯುತ್ತಿತ್ತು. ನೂರು ವರ್ಷ ದಾಟಿತು, ಇನ್ನೂ ಕರೆಂಟ್ ಕೊಡುತ್ತಿದೆ.

ನೀರು ಅಷ್ಟು ಬಿಸಿ ಇಲ್ಲದಿದ್ದರೆ ಬೈನರಿ ಅನ್ನುವ ವಿಧಾನ. ಕಡಿಮೆ ಬಿಸಿಗೇ ಕುದಿಯುವ ಪೆಂಟೇನ್‌ನಂಥ ದ್ರವವನ್ನು ಈ ನೀರಿನ ಬಿಸಿಯಲ್ಲಿ ಕುದಿಸಿ, ಅದರ ಆವಿಯಿಂದ ಟರ್ಬೈನ್ ತಿರುಗಿಸುವುದು. ಇದನ್ನು ಓದಿದ ಬುದ್ಧಿವಂತರು ಕೂಡಲೇ ಅಲಾಸ್ಕದ ಚೆನಾ ಹಾಟ್ ಸ್ಪ್ರಿಂಗ್ಸ್ ಉದಾಹರಣೆ ತರುತ್ತಾರೆ. ಅಲ್ಲಿ 2006ರಿಂದ ಬರೀ 74 ಡಿಗ್ರಿ ನೀರಿನಿಂದ ಕರೆಂಟ್ ತೆಗೆಯುತ್ತಿದ್ದಾರೆ. ನಿಜ. ಹಾಗಾದರೆ ಕೆಜಿಎಫ್‌ನ 65 ಡಿಗ್ರಿಗೆ ಯಾಕೆ ಆಗಲ್ಲ? ಯಾಕಂದರೆ ಅಲಾಸ್ಕದಲ್ಲಿ ಇನ್ನೊಂದು ತುದಿಯಲ್ಲಿ ತಂಪು ಮಾಡಲು 4 ಡಿಗ್ರಿ ನೀರು ಪಕ್ಕದಲ್ಲೇ ಹರಿಯುತ್ತದೆ. ಯಂತ್ರಕ್ಕೆ ಬೇಕಾದದ್ದು ಬಿಸಿಯಲ್ಲ, ಬಿಸಿ ಮತ್ತು ತಂಪಿನ ನಡುವಿನ ಅಂತರ. ಅಲ್ಲಿ ಆ ಅಂತರ 70 ಡಿಗ್ರಿ, ನಿಮ್ಮಲ್ಲಿ 35. ಅದೂ ಅಲ್ಲದೆ ಅಲ್ಲಿ ಬಾವಿಗಳ ಆಳ ಕಡಿಮೆ, ಇಲ್ಲಿ 3 ಕಿಲೋಮೀಟರ್‌ನಿಂದ ನೀರು ಎತ್ತಲು ತಿನ್ನುವ ಕರೆಂಟ್ ಹುಟ್ಟುವ ಕರೆಂಟ್‌ಗಿಂತ ಜಾಸ್ತಿಯಾದೀತು.

ಇಲ್ಲಿ ನನ್ನ ಅಭಿಪ್ರಾಯ ಒಂದು ಹೇಳಿಬಿಡುತ್ತೇನೆ. ಭೂಶಾಖ ಅಂದ ತಕ್ಷಣ ನಮ್ಮವರಿಗೆಲ್ಲ ಮೆಗಾವಾಟ್ ನೆನಪಾಗುತ್ತದೆ. ಮಂತ್ರಿಗಳ ಭಾಷಣದಲ್ಲೂ ಮೆಗಾವಾಟ್, ಪೇಪರ್ ಹೆಡ್‌ಲೈನ್‌ನಲ್ಲೂ ಮೆಗಾವಾಟ್. ಆದರೆ ಭೂಶಾಖದ ಕರೆಂಟ್ ಘಟಕಗಳು ಮೇಲೆ ಬಂದ ಬಿಸಿಯಲ್ಲಿ ಕರೆಂಟ್ ಮಾಡುವುದು ಸರಾಸರಿ ಎಂಟರಲ್ಲಿ ಒಂದು ಪಾಲು, ಅಷ್ಟೇ. ಉಳಿದ ಏಳು ಪಾಲು ಗಾಳಿಗೆ, ಇಲ್ಲ ನೆಲಕ್ಕೆ ವಾಪಸ್. ಅದೇ ಬಿಸಿಯನ್ನು ಬಿಸಿಯಾಗಿಯೇ ಬಳಸಿದರೆ ನಷ್ಟ ತುಂಬಾ ಕಡಿಮೆ. ಜರ್ಮನಿಯ ಮ್ಯೂನಿಕ್ ಪಕ್ಕದ ಊಂಟರ್‌ಹಾಖಿಂಗ್‌ನಲ್ಲಿ 3 ಕಿಲೋಮೀಟರ್‌ಗೂ ಕೆಳಗೆ ಸುಣ್ಣಕಲ್ಲಿನ ಪದರದಲ್ಲಿ 122 ಡಿಗ್ರಿ ನೀರು ಸಿಕ್ಕಿತು. ಕರೆಂಟ್ ಘಟಕವನ್ನೂ ಹಾಕಿದರು, ಮನೆಗಳಿಗೆ ಬಿಸಿಯನ್ನೂ ಕೊಟ್ಟರು. ಕೆಲವು ವರ್ಷ ನಡೆಸಿ ನೋಡಿ ಕರೆಂಟ್ ಘಟಕ ಮುಚ್ಚಿದರು, ಬಿಸಿ ಕೊಡುವುದನ್ನು ಮುಂದುವರಿಸಿದರು. ಮ್ಯೂನಿಕ್ ನಗರವೇ ಈಗ ತನ್ನ ಬಿಸಿನೀರಿನ ಜಾಲಕ್ಕೆ ಭೂಶಾಖವನ್ನು ಸೇರಿಸುತ್ತಾ ಹೋಗುತ್ತಿದೆ. ಅಲ್ಲಿರುವ ಕನ್ನಡಿಗರು ಇದನ್ನು ಓದುತ್ತಿದ್ದರೆ, ನಿಮ್ಮ ಮನೆಯ ರೇಡಿಯೇಟರ್‌ನಲ್ಲಿ ಓಡುವ ಬಿಸಿಯಲ್ಲೂ ಒಂದು ಪಾಲು ಆ ಸುಣ್ಣಕಲ್ಲಿನ ಪದರದ್ದಿರಬಹುದು. ಪ್ಯಾರಿಸ್ ಸುತ್ತಮುತ್ತ ಇನ್ನೂ ಹಳೆಯದು, 1969ರಿಂದ ನಡೆಯುತ್ತಿದೆ. ಅಲ್ಲಿ ಒಂದೂವರೆ ಎರಡು ಕಿಲೋಮೀಟರ್ ಕೆಳಗೆ 60–80 ಡಿಗ್ರಿ ನೀರು. ಜ್ವಾಲಾಮುಖಿ ಗಿಲಾಮುಖಿ ಏನೂ ಇಲ್ಲ, ನೀರು ತುಂಬಿದ ಸುಣ್ಣಕಲ್ಲು ಇದೆ, ಮೇಲೆ ಚಳಿಯಲ್ಲಿ ನಡುಗುವ ಲಕ್ಷಾಂತರ ಜನ ಇದ್ದಾರೆ. ಅಷ್ಟು ಸಾಕು.

ರೈತರಾದ ನಿಮಗೆ ಕೀನ್ಯಾದ ಕಥೆ ಹತ್ತಿರವಾದೀತು. ಓಲ್ಕಾರಿಯಾದಲ್ಲಿ 1981ರಲ್ಲಿ 15 ಮೆಗಾವಾಟ್‌ನಿಂದ ಶುರುವಾದದ್ದು ಇವತ್ತು ಆ ದೇಶದ ಕರೆಂಟ್‌ನಲ್ಲಿ ಅರ್ಧದಷ್ಟಕ್ಕೆ ಹತ್ತಿರ ಬಂದಿದೆ. ಪಕ್ಕದಲ್ಲೇ ಒಂದು ದೊಡ್ಡ ಗುಲಾಬಿ ತೋಟ ಇದೆ. ರಾತ್ರಿ ಹೊತ್ತು ಪಾಲಿಹೌಸ್ ಒಳಗೆ ತೇವ ಜಾಸ್ತಿಯಾಗಿ ಬೂಜು ರೋಗ ಬರುತ್ತದಲ್ಲ, ಅದನ್ನು ತಡೆಯಲು ಬಾವಿಯ ಬಿಸಿಯಿಂದ ಗಾಳಿ ಬೆಚ್ಚಗೆ ಮಾಡುತ್ತಾರೆ. ಬಾವಿಯಿಂದ ಬರುವ ಕಾರ್ಬನ್ ಡೈಆಕ್ಸೈಡನ್ನೂ ಗಿಡಕ್ಕೇ ಬಿಡುತ್ತಾರೆ.

ಇದೆಲ್ಲ ಕೇಳಿ ಪುಕ್ಕಟೆ ಶಕ್ತಿ ಅಂದುಕೊಳ್ಳಬೇಡಿ. ಕ್ಯಾಲಿಫೋರ್ನಿಯಾದ ಗೀಸರ್ಸ್ ಪ್ರಪಂಚದ ಅತಿ ದೊಡ್ಡ ಭೂಶಾಖ ಕ್ಷೇತ್ರ. 1980ರ ದಶಕದಲ್ಲಿ ನಾಮುಂದು ತಾಮುಂದು ಅಂತ ಕಂಪನಿಗಳು ಘಟಕ ಹಾಕಿದವು, 2,000 ಮೆಗಾವಾಟ್‌ವರೆಗೆ ಹೋಯಿತು, ಆಮೇಲೆ ಹಬೆ ಇಳಿಯತೊಡಗಿತು. ಬಂಡೆ ಬಿಸಿಯಾಗಿಯೇ ಇತ್ತು, ನೀರು ಖಾಲಿಯಾಗಿತ್ತು. ನಮ್ಮ ಕೋಲಾರ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1997ರಿಂದ ಅವರು ಊರುಗಳ ಕೊಳಚೆ ನೀರನ್ನು ಶುದ್ಧ ಮಾಡಿ ಪೈಪ್‌ನಲ್ಲಿ ತಂದು ಕೆಳಗೆ ಇಂಗಿಸುತ್ತಿದ್ದಾರೆ, ಅದರಿಂದ ಕ್ಷೇತ್ರ ಉಳಿಯಿತು. ಬೆಂಗಳೂರಿನ ನೀರು ಕೆ.ಸಿ. ವ್ಯಾಲಿಯಿಂದ ನಿಮ್ಮ ಕೆರೆಗೆ ಬರುತ್ತದಲ್ಲ, ಹೆಚ್ಚೂಕಡಿಮೆ ಅದೇ ಉಪಾಯ, ಉದ್ದೇಶ ಬೇರೆ. ನ್ಯೂಜಿಲೆಂಡ್‌ನ ವೈರಾಕೆಯಲ್ಲಿ 1958ರಿಂದ ನೀರು ತೆಗೆದು ತೆಗೆದು ಒಂದು ಕಡೆ ನೆಲವೇ ಸುಮಾರು 15 ಮೀಟರ್ ಕುಸಿದಿದೆ, ಪಕ್ಕದ ಕಣಿವೆಯಲ್ಲಿ ಚಿಮ್ಮುತ್ತಿದ್ದ ಬುಗ್ಗೆಗಳು ಸತ್ತವು.

"ನೀರಿಲ್ಲದಿದ್ದರೆ ನಾವೇ ನೀರು ಬಿಟ್ಟು ಬಿರುಕು ಮಾಡೋಣ" ಅನ್ನುವ ವಿಧಾನವೂ ಇದೆ. ಬಿಸಿ ಬಂಡೆಗೆ ಭಾರಿ ಒತ್ತಡದಲ್ಲಿ ನೀರು ತಳ್ಳಿ ಬಿರುಕು ಬಿಡಿಸುವುದು, ಒಂದು ಬಾವಿಯಲ್ಲಿ ತಣ್ಣೀರು ಬಿಟ್ಟು ಇನ್ನೊಂದರಲ್ಲಿ ಬಿಸಿನೀರು ತೆಗೆಯುವುದು. ಸ್ವಿಟ್ಜರ್ಲೆಂಡ್‌ನ ಬಾಸೆಲ್‌ನಲ್ಲಿ 2006ರಲ್ಲಿ ಇದನ್ನು ಮಾಡಲು ಹೋಗಿ 3.4 ತೀವ್ರತೆಯ ಭೂಕಂಪ ಆಯಿತು, ಯೋಜನೆ ನಿಂತಿತು. ದಕ್ಷಿಣ ಕೊರಿಯಾದ ಪೋಹಾಂಗ್‌ನಲ್ಲಿ 2017ರಲ್ಲಿ 5.4 ತೀವ್ರತೆ, ಅನೇಕರಿಗೆ ಗಾಯ, ಕಟ್ಟಡಗಳಿಗೆ ಹಾನಿ. ಸರ್ಕಾರ ನೇಮಿಸಿದ ತಜ್ಞರೇ 2019ರಲ್ಲಿ ಆ ಭೂಕಂಪಕ್ಕೆ ಭೂಶಾಖದ ಬಾವಿಯೇ ಕಾರಣ ಅಂದರು. ಈಗ ಅಮೆರಿಕದ ನೆವಾಡ, ಯೂಟಾಗಳಲ್ಲಿ ಫರ್ವೊ ಅನ್ನುವ ಕಂಪನಿ ಶೇಲ್ ಅನಿಲದ ಬಾವಿಗಳಂತೆ ಅಡ್ಡಡ್ಡ ಕೊರೆದು ಇದನ್ನು ಮತ್ತೆ ಮಾಡುತ್ತಿದೆ. 2023ರಲ್ಲಿ ನೆವಾಡದಲ್ಲಿ 3.5 ಮೆಗಾವಾಟ್ ತೆಗೆದು ತೋರಿಸಿದರು. ನನಗೆ ಇದರಲ್ಲಿ ನಂಬಿಕೆ ಇದೆ, ಆದರೆ ಅಲ್ಲೂ ಅವರು ಆರಿಸಿಕೊಂಡಿದ್ದು ಬಿಸಿ ಬೇಗ ಏರುವ ನೆಲವನ್ನೇ. ತಣ್ಣನೆಯ ನೆಲದಲ್ಲಿ ಯಾರೂ ಈ ದುಡ್ಡು ಹಾಕುವುದಿಲ್ಲ.

ಇನ್ನು ನಮ್ಮ ದೇಶ. ನೀವು ಓದಿದ್ದು ಸರಿ, 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಭೂಶಾಖಕ್ಕೆ ಮೊದಲ ರಾಷ್ಟ್ರೀಯ ನೀತಿ ತಂದಿದೆ. ಸಮಾಧಾನದ ಸಂಗತಿ ಏನೆಂದರೆ ಅದರಲ್ಲಿ ಕರೆಂಟ್ ಒಂದೇ ಅಲ್ಲ, ಬಿಸಿಯ ನೇರ ಬಳಕೆ, ಹೀಟ್ ಪಂಪ್ (ಒಂದು ಕಡೆಯ ಕಡಿಮೆ ಬಿಸಿಯನ್ನು ಎತ್ತಿ ಇನ್ನೊಂದು ಕಡೆಗೆ ಕೊಡುವ ಯಂತ್ರ) ಎಲ್ಲ ಸೇರಿವೆ. ದೇಶದಲ್ಲಿ 10,600 ಮೆಗಾವಾಟ್ ಸಾಧ್ಯ ಅನ್ನುವ ಅಂದಾಜು ಬಹಳ ವರ್ಷದಿಂದ ಓಡಾಡುತ್ತಿದೆ. ಆದರೆ ಗ್ರಿಡ್‌ಗೆ ವಾಣಿಜ್ಯವಾಗಿ ಕರೆಂಟ್ ಮಾರುವ ಒಂದು ಭೂಶಾಖ ಘಟಕವೂ ನಮ್ಮಲ್ಲಿ ಇನ್ನೂ ಇಲ್ಲ. ಹಿಮಾಚಲದ ಮಣಿಕರಣ್‌ನಲ್ಲಿ ಹಿಂದೆ 5 ಕಿಲೋವಾಟ್‌ನ ಪ್ರಯೋಗ ನಡೆದಿತ್ತು. ತೆಲಂಗಾಣದ ಮಣುಗೂರು ಹತ್ತಿರ ಸಿಂಗರೇಣಿ ಗಣಿ ಸಂಸ್ಥೆಯ ಜಾಗದಲ್ಲಿ 20 ಕಿಲೋವಾಟ್‌ನದ್ದೊಂದು ಪ್ರಯೋಗ ಘಟಕ ಹಾಕಿದ್ದಾರೆ. 20 ಕಿಲೋವಾಟ್ ಅಂದರೆ ನಿಮ್ಮಂಥ ಹತ್ತು ಎಚ್‌ಪಿ ಮೋಟಾರ್ ಎರಡೂವರೆ ಓಡಿಸಬಹುದು.

ನಿಜವಾಗಿ ಬಿಸಿ ಇರುವುದು ಲಡಾಖ್‌ನ ಪುಗಾ ಕಣಿವೆಯಲ್ಲಿ. 4,400 ಮೀಟರ್ ಎತ್ತರ. 1970ರ ದಶಕದಲ್ಲೇ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಅಲ್ಲಿ 34 ಬಾವಿ ಕೊರೆದರು, ಅತಿ ಆಳದ್ದು 385 ಮೀಟರ್. ಅಂದರೆ ನಿಮ್ಮ ಬೋರ್‌ವೆಲ್‌ಗಿಂತ ಕಡಿಮೆ ಆಳ! ಅದರಲ್ಲೇ 140 ಡಿಗ್ರಿವರೆಗೆ ಸಿಕ್ಕಿತು. 2021ರಲ್ಲಿ ಒಎನ್‌ಜಿಸಿಯ ಎನರ್ಜಿ ಸೆಂಟರ್ ಲಡಾಖ್ ಆಡಳಿತದ ಜೊತೆ ಒಪ್ಪಂದ ಮಾಡಿಕೊಂಡು 1 ಮೆಗಾವಾಟ್ ಘಟಕಕ್ಕೆ ಕೈ ಹಾಕಿತು. ಮರುವರ್ಷ ಕೊರೆಯುವಾಗ ಬಾವಿಯ ದ್ರವ ಪಕ್ಕದ ಹಳ್ಳಕ್ಕೆ ಹರಿದು ಕೆಲಸ ನಿಲ್ಲಿಸಬೇಕಾಯಿತು. ಆ ಎತ್ತರದಲ್ಲಿ ಕೆಲಸ ಮಾಡಲು ಸಿಗುವುದೇ ವರ್ಷದಲ್ಲಿ ಕೆಲವು ತಿಂಗಳು, ಒಂದು ಸಲ ತಪ್ಪಿದರೆ ಒಂದು ವರ್ಷ ಹೋದಂತೆ. ನನ್ನ ಕೇಳಿದರೆ ಪುಗಾದಲ್ಲೂ ಮೊದಲು ಆಗಬೇಕಾದದ್ದು ಕರೆಂಟ್ ಅಲ್ಲ. ಅಲ್ಲಿ ಚಾಂಗ್ಪಾ ಕುರಿಗಾಹಿಗಳ ಮಕ್ಕಳು ಓದುವ ವಸತಿ ಶಾಲೆ ಇದೆ, ಹೊರಗೆ ಸೊನ್ನೆಗಿಂತ 20–30 ಡಿಗ್ರಿ ಕೆಳಗಿನ ಚಳಿ. ಆ ಶಾಲೆಗೆ, ಹಸಿರುಮನೆಗೆ, ಸೈನಿಕರ ಬ್ಯಾರಕ್‌ಗೆ ಬಿಸಿನೀರಿನ ಪೈಪ್ ಎಳೆದರೆ ಅಷ್ಟು ದೂರ ಲಾರಿಯಲ್ಲಿ ಸೀಮೆಎಣ್ಣೆ, ಡೀಸೆಲ್ ಸಾಗಿಸುವುದು ತಪ್ಪುತ್ತದೆ. ಲೇಹ್ ಪಟ್ಟಣಕ್ಕೆ ಪೈಪ್ ಎಳೆಯುವ ಮಾತು ಬೇಡ, ನೂರೈವತ್ತು ಕಿಲೋಮೀಟರ್‌ಗೂ ಜಾಸ್ತಿ ದೂರ.

ಕರ್ನಾಟಕದಲ್ಲಿ? ಪುತ್ತೂರು ತಾಲೂಕಿನ ಇರ್ದೆಯ ಬೆಂದ್ರ್ ತೀರ್ಥ ಬಿಟ್ಟರೆ ಹೇಳಿಕೊಳ್ಳುವಂಥ ಬಿಸಿನೀರಿನ ಬುಗ್ಗೆ ಇಲ್ಲ. ಅಲ್ಲಿಯೂ 40 ಡಿಗ್ರಿ ಒಳಗೇ. ಮಳೆ ನೀರು ಯಾವುದೋ ಆಳದ ಬಿರುಕಿನಲ್ಲಿ ಮುಕ್ಕಾಲು ಒಂದು ಕಿಲೋಮೀಟರ್ ಇಳಿದು ಬಿಸಿಯಾಗಿ ಮೇಲೆ ಬರುತ್ತಿರಬೇಕು. ಸ್ನಾನಕ್ಕೆ ಚೆನ್ನ, ಟರ್ಬೈನ್‌ಗೆ ಅಲ್ಲ. ಕರೆಂಟೇ ಬೇಕು ಅಂದರೆ ನಮ್ಮ ನಾಡಿಗೆ ಬಿಸಿಲು ಇದೆ. ಪಾವಗಡದ ಒಂದೇ ಸೋಲಾರ್ ಪಾರ್ಕ್ 2,050 ಮೆಗಾವಾಟ್.

ಕೆಜಿಎಫ್ ಬಗ್ಗೆ ಯಾರಾದರೂ ಕೇಳುತ್ತಾರೆ, ಅದಕ್ಕೂ ಒಂದು ಮಾತು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಒಳಗೆ ನೀರು ತುಂಬಿದೆ. ನೆದರ್ಲೆಂಡ್ಸ್‌ನ ಹೇರ್ಲೆನ್ ಪಟ್ಟಣದಲ್ಲಿ ಹೀಗೇ ಮುಳುಗಿದ ಕಲ್ಲಿದ್ದಲು ಗಣಿಯ 28 ಡಿಗ್ರಿ ನೀರನ್ನು 2008ರಿಂದ ಹೀಟ್ ಪಂಪ್ ಜೊತೆ ಸೇರಿಸಿ ಕಟ್ಟಡಗಳನ್ನು ಬೆಚ್ಚಗಿಡುತ್ತಿದ್ದಾರೆ. ತಾಂತ್ರಿಕವಾಗಿ ಕೆಜಿಎಫ್‌ನಲ್ಲೂ ಸಾಧ್ಯ. ಆದರೆ ಅಲ್ಲಿ ವರ್ಷಪೂರ್ತಿ ಬಿಸಿ ಕೊಳ್ಳುವವರು ಯಾರು? ಗಿರಾಕಿ ಇಲ್ಲದ ಸರಕು ಅದು.

ಹಾಗೆಯೇ "ಜಿಯೋಥರ್ಮಲ್ ಎಸಿ", ಅಂದರೆ ಕೋಣೆಯ ಬಿಸಿಯನ್ನು ನೆಲದೊಳಗೆ ಹೂತ ಪೈಪ್‌ಗಳ ಮೂಲಕ ಮಣ್ಣಿಗೆ ಬಿಡುವ ಎಸಿ, ಮಾರಲು ಬರುವವರ ಬಗ್ಗೆ ಎಚ್ಚರ. ಕೆಲವು ಮೀಟರ್ ಕೆಳಗೆ ನೆಲ ಆ ಊರಿನ ವರ್ಷದ ಸರಾಸರಿ ಬಿಸಿಯಲ್ಲೇ ಇರುತ್ತದೆ. ಸ್ವೀಡನ್‌ನಲ್ಲಿ ಚಳಿಗಾಲದಲ್ಲಿ ನೆಲದಿಂದ ಬಿಸಿ ತೆಗೆಯುತ್ತಾರೆ, ಬೇಸಿಗೆಯಲ್ಲಿ ಅದು ಮತ್ತೆ ತುಂಬಿಕೊಳ್ಳುತ್ತದೆ. ನಮ್ಮಲ್ಲಿ ವರ್ಷವಿಡೀ ನೆಲಕ್ಕೆ ಬಿಸಿ ತುಂಬುವುದೇ ಕೆಲಸ, ತೆಗೆಯುವುದಿಲ್ಲ, ಹಾಗಾಗಿ ಪೈಪ್ ಸುತ್ತಲಿನ ಮಣ್ಣು ವರ್ಷದಿಂದ ವರ್ಷಕ್ಕೆ ಬಿಸಿಯಾಗುತ್ತಾ ಹೋಗುತ್ತದೆ, ಮೊದಲ ವರ್ಷದ ಉಳಿತಾಯ ಐದನೇ ವರ್ಷ ಇರುವುದಿಲ್ಲ.

ಸರಿ, ಹುಳು ಮನೆ. ನಿಮ್ಮ ಪ್ರಶ್ನೆಯಲ್ಲಿ ಜಾಣತನ ಇರುವುದು ಇಲ್ಲೇ. ಹುಳುವಿಗೆ ಬೇಕಾದದ್ದು 60 ಡಿಗ್ರಿ ಅಲ್ಲ, ದೊಡ್ಡ ಹುಳುವಿಗೆ 24–25, ಚಾಕಿಗೆ, ಅಂದರೆ ಮರಿ ಹುಳುವಿಗೆ, 27–28. ನಿಮ್ಮ ನೀರು 30. ಅಂತರ ಸಣ್ಣದು, ಆದರೆ ಸರಿಯಾದ ದಿಕ್ಕಿನಲ್ಲಿದೆ. ಲೆಕ್ಕ ನೋಡಿ. ಸೆಕೆಂಡಿಗೆ ಒಂದು ಲೀಟರ್ ನೀರು 5 ಡಿಗ್ರಿ ತಣ್ಣಗಾದರೆ 21 ಕಿಲೋವಾಟ್ ಬಿಸಿ ಬಿಡುತ್ತದೆ. ಅದೇ ನೀರನ್ನು ಸಾವಿರ ಅಡಿಯಿಂದ ಎತ್ತಲು ಮೋಟಾರ್ ತಿನ್ನುವುದು ಸುಮಾರು 6 ಕಿಲೋವಾಟ್. ಬಿಸಿಗೋಸ್ಕರವೇ ನೀರು ಎತ್ತಬೇಡಿ, ನಿಮ್ಮ ಕಡೆ ಅದು ಪಾಪ. ಹೇಗೂ ತೋಟಕ್ಕೆ ಎತ್ತುವ ನೀರನ್ನು ದಾರಿಯಲ್ಲಿ ಹುಳು ಮನೆ ಸುತ್ತಿಸಿ ಕಳಿಸಿ.

ತೊಂದರೆ ಏನೆಂದರೆ ಮೂರು ಫೇಸ್ ಕರೆಂಟ್ ಬರುವ ಹೊತ್ತೇ ಬೇರೆ, ಚಳಿ ಕಚ್ಚುವ ಹೊತ್ತೇ ಬೇರೆ. ಅದಕ್ಕೆ ಮುಚ್ಚಳ ಇರುವ, ಸುತ್ತ ಹುಲ್ಲೋ ಥರ್ಮೋಕೋಲೋ ಹೊದಿಸಿದ ಹತ್ತು ಸಾವಿರ ಲೀಟರ್ ತೊಟ್ಟಿ ಒಂದು ಬೇಕು. ಸಂಜೆ ಅದನ್ನು ತುಂಬಿಸಿ, ರಾತ್ರಿ ಸಿಂಗಲ್ ಫೇಸ್‌ನ ಸಣ್ಣ ಪಂಪ್‌ನಿಂದ ಆ ನೀರನ್ನು ಹುಳು ಮನೆಯ ನೆಲದ ಮೇಲೆ, ಗೋಡೆಯ ಕೆಳಭಾಗದಲ್ಲಿ ಹಾಕಿದ ಎಚ್‌ಡಿಪಿಇ ಪೈಪ್‌ನಲ್ಲಿ ಸುತ್ತಿಸಿ. 30ರಿಂದ 25ಕ್ಕೆ ಇಳಿಯುವಷ್ಟರಲ್ಲಿ ಸುಮಾರು 58 ಯೂನಿಟ್‌ನಷ್ಟು ಬಿಸಿ ಕೊಡುತ್ತದೆ. ಹೀಟರ್‌ನಲ್ಲಿ ಅಷ್ಟು ಬಿಸಿ ಮಾಡಲು 58 ಯೂನಿಟ್ ಕರೆಂಟೇ ಬೇಕಿತ್ತು. ಬೆಳಗ್ಗೆ ಆ ನೀರು ತೋಟಕ್ಕೆ. ಇದರಿಂದ ಒಳಗಿನ ಬಿಸಿ ಪೂರ್ತಿ ಬೇಕಾದಷ್ಟು ಏರುತ್ತದೆ ಅಂತ ನಾನು ಹೇಳಲ್ಲ, ಮೂರು ನಾಲ್ಕು ಡಿಗ್ರಿ ಏರಬಹುದು, ಉಳಿದದ್ದಕ್ಕೆ ನಿಮ್ಮ ಇದ್ದಿಲೋ ಹೀಟರೋ ಇದ್ದೇ ಇದೆ. ಚಾಕಿಗೆ ಇದನ್ನು ನಂಬಬೇಡಿ, ಅಂತರ ತೀರಾ ಕಡಿಮೆ. ಮೇಲೆ ಬರೀ ಶೀಟ್ ಇದ್ದರೆ ಪೈಪ್‌ಗೆ ಮೊದಲು ಅದರ ಕೆಳಗೆ ಒಂದು ಒಳಚಾವಣಿ ಹಾಕಿಸಿ, ಇಲ್ಲವಾದರೆ ಕೊಟ್ಟ ಬಿಸಿ ಎಲ್ಲ ಆಕಾಶಕ್ಕೆ. ಮನೆಯ ಸ್ನಾನಕ್ಕೆ ಬಿಸಿನೀರು ಬೇಕಾದರೆ ಇದರ ಗೊಡವೆಯೇ ಬೇಡ, ಸೋಲಾರ್ ವಾಟರ್ ಹೀಟರ್ ಹಾಕಿಸಿ.

ದುಡ್ಡು ಖರ್ಚು ಮಾಡುವ ಮೊದಲು ಎರಡು ಕೆಲಸ. ಮೋಟಾರ್ ಅರ್ಧ ಗಂಟೆ ಓಡಿದ ಮೇಲೆ ಪೈಪ್ ಬಾಯಲ್ಲೇ ಥರ್ಮಾಮೀಟರ್ ಹಿಡಿದು ಅಳೆಯಿರಿ, ಡಿಸೆಂಬರ್‌ನಲ್ಲಿ ಒಮ್ಮೆ, ಏಪ್ರಿಲ್‌ನಲ್ಲಿ ಒಮ್ಮೆ. 28ಕ್ಕಿಂತ ಕಡಿಮೆ ಬಂದರೆ ಈ ಯೋಜನೆ ಕೈಬಿಡಿ. 35 ದಾಟಿದರೆ ಅದು ವಿಶೇಷ, ಬೆಂಗಳೂರಿನಲ್ಲಿರುವ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಕಚೇರಿಗೆ ಒಂದು ಕಾಗದ ಬರೆಯಿರಿ, ನನಗೂ ತಿಳಿಸಿ. ಎರಡನೆಯದು, ನೀರಿನ ಗಡಸುತನ ಪರೀಕ್ಷೆ ಮಾಡಿಸಿ. ನಿಮ್ಮ ಕಡೆಯ ಆಳದ ನೀರಿನಲ್ಲಿ ಸುಣ್ಣದ ಅಂಶ ಜಾಸ್ತಿ ಇದ್ದರೆ ಸಣ್ಣ ಪೈಪ್ ಒಳಗೆ ಪೊರೆ ಕಟ್ಟುತ್ತದೆ, ಹಾಗಾಗಿ ಒಂದು ಇಂಚಿಗಿಂತ ಸಣ್ಣ ಪೈಪ್ ಹಾಕಬೇಡಿ, ತೊಳೆಯಲು ಬರುವಂತೆ ಎರಡೂ ತುದಿಗೆ ವಾಲ್ವ್ ಇಡಿಸಿ.